"ಇವತ್ತಿನ ಊಟ ಇವತ್ತು ಕೊಡು": ಕ್ರೈಸ್ತರು ಪ್ರಾರ್ಥನೆಯಲ್ಲಿ ಏನು ಕೇಳುತ್ತಾರೆ, ಯಾಕೆ ಕೇಳುತ್ತಾರೆ?

ಮುಂಗಾರು ಹೆಸರು ಹೂ ಬಿಡುವ ಹೊತ್ತಿಗೆ ಮಳೆ ನಿಂತುಬಿಟ್ಟರೆ ಗದಗ, ನವಲಗುಂದದ ಕಡೆ ಮನೆಮನೆಯ ಲೆಕ್ಕ ತಪ್ಪುತ್ತದೆ. ಬೀಜ, ಗೊಬ್ಬರಕ್ಕೆ ಮಾಡಿದ ಸಾಲ, ಮಕ್ಕಳ ಫೀ, ಕಿರಾಣಿ ಅಂಗಡಿಯ ಉದ್ರಿ, ಎಲ್ಲವೂ ಒಂದೇ ಸಲ ಕಣ್ಣ ಮುಂದೆ ನಿಲ್ಲುತ್ತವೆ. ಅಂಥ ದಿನಗಳಲ್ಲಿ ಪಕ್ಕದ ಮನೆಯ ಕ್ರೈಸ್ತರು "ಕರ್ತನು ಒದಗಿಸ್ತಾನ ಬಿಡ್ರಿ" ಅಂದಿದ್ದನ್ನು ನೀವು ಕೇಳಿರಬಹುದು. ಆಟೋದ ಹಿಂದೆ, ಅಂಗಡಿಯ ಬೋರ್ಡಿನ ಮೇಲೆ "ಯೆಹೋವ ಯೀರೆ" (ದೇವರು ಒದಗಿಸುವನು) ಅಂತ ಬರೆದಿದ್ದನ್ನೂ ನೋಡಿರಬಹುದು. ಅದನ್ನು ಕೇಳಿ, ನೋಡಿ ಮನಸ್ಸಿನಲ್ಲಿ ಪ್ರಶ್ನೆ ಏಳುವುದು ಸಹಜ. "ಅಕ್ಕಾರ, ದೇವ್ರ ಕೊಡ್ತಾನಂದ್ಮ್ಯಾಲೆ ದುಡಿಯೂದ್ ಯಾಕ್ರಿ?" ಅಂತ ನೇರವಾಗಿ ಕೇಳುವವರೂ ಇದ್ದಾರೆ.

ನ್ಯಾಯವಾದ ಪ್ರಶ್ನೆ ಅದು. ನಾನು ಈ ಪ್ರಾರ್ಥನೆ ಹೇಳಿಕೊಂಡೇ ಬೆಳೆದವಳು, ಇವತ್ತಿಗೂ ನಂಬಿಕೆಯಿಂದ ಹೇಳುವವಳು. ಆದರೂ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಡೋಕೆ ಆಗಲ್ಲ. ಬುಡದಿಂದಲೇ ನೋಡೋಣ.

ಪ್ರಾರ್ಥನೆ ಎಲ್ಲಿಂದ ಬಂತು

ಕ್ರೈಸ್ತರ ಪವಿತ್ರ ಗ್ರಂಥ ಬೈಬಲ್. ಅದರ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಿವೆ. ಅವುಗಳಿಗೆ ಸುವಾರ್ತೆಗಳು ಅನ್ನುತ್ತಾರೆ. ಅವುಗಳಲ್ಲಿ ಎರಡರಲ್ಲಿ, ಮತ್ತಾಯನ 6ನೇ ಅಧ್ಯಾಯದಲ್ಲಿ ಮತ್ತು ಲೂಕನ 11ನೇ ಅಧ್ಯಾಯದಲ್ಲಿ, ಯೇಸು ಶಿಷ್ಯರಿಗೆ ಪ್ರಾರ್ಥನೆ ಹೇಗೆ ಮಾಡಬೇಕು ಅಂತ ಕಲಿಸುತ್ತಾನೆ. ಅದೇ ಕರ್ತನ ಪ್ರಾರ್ಥನೆ. ಕರ್ತ ಅಂದರೆ ಒಡೆಯ, ಪ್ರಭು. ಕ್ಯಾಥೋಲಿಕರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರೊಟೆಸ್ಟೆಂಟ್ ಪಂಗಡದವರು, ಪೆಂಟೆಕೋಸ್ಟ್ ಸಭೆಯವರು, ಬೇರೆ ಎಷ್ಟೋ ವಿಷಯದಲ್ಲಿ ಒಬ್ಬರಿಗೊಬ್ಬರು ಒಪ್ಪದವರು ಕೂಡ ಈ ಪ್ರಾರ್ಥನೆಯನ್ನು ಒಪ್ಪುತ್ತಾರೆ.

ಅದು ತೀರಾ ಚಿಕ್ಕದು. ಮೊದಲು ದೇವರ ಹೆಸರು, ದೇವರ ರಾಜ್ಯ, ದೇವರ ಇಷ್ಟ. ಆಮೇಲೆ ನಮ್ಮ ಬೇಡಿಕೆಗಳು. ಆ ಬೇಡಿಕೆಗಳಲ್ಲಿ ಮೊದಲನೆಯದು ಊಟ: "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು." ಪಾಪದ ಕ್ಷಮೆ ಕೇಳುವ ಸಾಲು ಇದರ ನಂತರ ಬರುತ್ತದೆ. ಹೊಟ್ಟೆಯ ಮಾತನ್ನು ದೇವರ ಮುಂದೆ ಎತ್ತಬಾರದು, ಅದು ಸಣ್ಣ ವಿಷಯ ಅಂತ ಯೇಸು ಎಲ್ಲೂ ಹೇಳಲಿಲ್ಲ.

ಧಾರವಾಡಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಗದಗದ ಬೆಟಗೇರಿಯಲ್ಲೂ ಸ್ವಲ್ಪ ಕಾಲದಲ್ಲೇ ಕೆಲಸ ಶುರುವಾಯಿತು. ಅಂದರೆ ಈ ಸಾಲನ್ನು ನಮ್ಮ ಊರುಗಳಲ್ಲಿ ಕನ್ನಡದಲ್ಲಿ ಹೇಳಲು ಶುರುಮಾಡಿ ಬಹಳ ಕಾಲವಾಯಿತು. 1876-78ರ ಭೀಕರ ಬರ ಈ ಸೀಮೆಯನ್ನು ಹಿಂಡಿದಾಗಲೂ ಇಲ್ಲಿ ಈ ಪ್ರಾರ್ಥನೆ ಹೇಳುವವರಿದ್ದರು. ಹೊಟ್ಟೆ ತುಂಬಿದವರಷ್ಟೇ ಹೇಳಿಕೊಂಡು ಬಂದ ಮಾತಲ್ಲ ಇದು.

ದೇವರು ಸಲಹುತ್ತಾನೆ ಅನ್ನುವ ನಂಬಿಕೆ ಈ ನೆಲಕ್ಕೆ ಹೊಸದೇನಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು ಅಂತ ಕೇಳಿದ್ದು ನಮಗೆಲ್ಲ ಗೊತ್ತು, ಅಲ್ವಾ? ಕ್ರೈಸ್ತರ ಪ್ರಾರ್ಥನೆಯ ದಾರಿ ಬೇರೆ, ಆದರೆ ಅದರ ಹಿಂದಿರುವ ಹಸಿವು, ಭಯ, ಭರವಸೆ ಎಲ್ಲರಿಗೂ ಪರಿಚಿತವೇ.

ಒಂದೇ ದಿನದ್ದು ಯಾಕೆ? ವರ್ಷದ್ದು ಕೇಳಬಾರದಾ?

ಇಲ್ಲಿ ಯೇಸುವಿನ ಮಾತು ಕೇಳುತ್ತಿದ್ದವರು ಯಾರು ಅಂತ ನೋಡಬೇಕು. ಅವರಲ್ಲಿ ಮೀನುಗಾರರು, ಸಣ್ಣ ರೈತರು, ದಿನಗೂಲಿಯವರು ಇದ್ದರು. ಹುಬ್ಬಳ್ಳಿಯಲ್ಲಿ ಬೆಳಗ್ಗೆ ಸರ್ಕಲ್ಲಿನಲ್ಲಿ ಗಾರೆ ಬುಟ್ಟಿ, ಸಲಿಕೆ, ಊಟದ ಡಬ್ಬಿ ಹಿಡಿದು ಮೇಸ್ತ್ರಿ ಬರುವುದನ್ನೇ ಕಾಯುತ್ತ ನಿಂತಿರುತ್ತಾರಲ್ಲ, ಅವರ ಹಾಗೆ. ಮತ್ತಾಯ 20ರಲ್ಲಿ ಯೇಸು ಹೇಳುವ ಒಂದು ಕಥೆಯೇ ಹಾಗಿದೆ: ದ್ರಾಕ್ಷಿ ತೋಟದ ಯಜಮಾನ ಬೆಳಗ್ಗೆ ಪೇಟೆಗೆ ಹೋಗಿ ಆಳುಗಳನ್ನು ಕರೆಯುತ್ತಾನೆ, ಸಂಜೆ ಐದರ ಹೊತ್ತಿಗೆ ಹೋದರೂ ಇನ್ನೂ ಕೆಲವರು ಕೆಲಸ ಸಿಗದೆ ಅಲ್ಲೇ ನಿಂತಿರುತ್ತಾರೆ. ಅವತ್ತಿನ ಕೂಲಿ ಅವತ್ತೇ ಸಿಕ್ಕರೆ ಮನೆಯಲ್ಲಿ ಒಲೆ ಹೊತ್ತುತ್ತದೆ. ಅದಕ್ಕೇ ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಲ್ಲಿ ಕೂಲಿಯವನ ಹಣವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಅನ್ನುವ ಕಟ್ಟಪ್ಪಣೆ ಇದೆ. ತಿಂಗಳ ಸಂಬಳದವರಿಗೆ "ಈ ಹೊತ್ತಿನ ಊಟ" ಅನ್ನುವುದು ಸುಮ್ನೆ ಒಂದು ಮಾತಿನಂತೆ ಕೇಳಿಸಬಹುದು. ಸರ್ಕಲ್ಲಿನಲ್ಲಿ ನಿಂತವರಿಗೆ ಅದು ಅವತ್ತಿನ ಸಂಜೆಯ ಲೆಕ್ಕ.

ಎರಡನೇ ಕಾರಣ ಇನ್ನೂ ಹಳೆಯದು. ಬೈಬಲ್ಲಿನ ಎರಡನೇ ಪುಸ್ತಕ ವಿಮೋಚನಕಾಂಡ. ಅದರ 16ನೇ ಅಧ್ಯಾಯದಲ್ಲಿ ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದ ಇಸ್ರಾಯೇಲ್ಯರು, ಅಂದರೆ ಯೇಸುವಿನ ಪೂರ್ವಿಕರು, ಮರಳುಗಾಡಿನಲ್ಲಿ ಹಸಿದು ಗೊಣಗುತ್ತಾರೆ. ಆಗ ದೇವರು ಅವರಿಗೆ ಮನ್ನ ಕೊಡುತ್ತಾನೆ. ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಉಳಿಯುತ್ತಿದ್ದ ಸಣ್ಣ ಸಣ್ಣ ಕಾಳಿನಂಥ ಆಹಾರ ಅದು. ನೋಡಲು ಹವೀಜದ ಕಾಳಿನ ಹಾಗೆ ಇತ್ತು, ಬಣ್ಣ ಬಿಳಿ, ರುಚಿ ಜೇನು ಸೇರಿಸಿದ ದೋಸೆಯಂತೆ ಅಂತ ಬರೆದಿದೆ. ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್ ಅಳತೆಯಷ್ಟು ಕೂಡಿಸಿಕೊಳ್ಳಬೇಕು. ನಾಳೆಗೆ ಅಂತ ಉಳಿಸಬಾರದು. ಕೆಲವರು ಕೇಳಲಿಲ್ಲ, ಉಳಿಸಿಟ್ಟರು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು. ಆದರೆ ಆರನೇ ದಿನ ಎರಡರಷ್ಟು ಕೂಡಿಸಿಕೊಳ್ಳಲು ಅಪ್ಪಣೆ ಇತ್ತು, ಯಾಕೆಂದರೆ ಏಳನೇ ದಿನ ಸಬ್ಬತ್, ಅಂದರೆ ಬಿಡುವಿನ ದಿನ. ಆ ದಿನಕ್ಕೆ ಇಟ್ಟಿದ್ದು ಕೆಡಲಿಲ್ಲ.

ಈ ಕಥೆಯಲ್ಲಿ ನನಗೆ ಯಾವಾಗಲೂ ಹಿಡಿಸುವ ಒಂದು ವಿವರವಿದೆ. ಜಾಸ್ತಿ ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆ ಆಗಲಿಲ್ಲ. ಅಳೆದು ನೋಡಿದಾಗ ಎಲ್ಲರಿಗೂ ಅವರವರು ತಿನ್ನುವಷ್ಟೇ ಇತ್ತು. ಕೈಯಲ್ಲಿ ಬಲವಿದ್ದವನು ಬೇರೆಯವರ ಪಾಲನ್ನು ಬಾಚಿಕೊಳ್ಳಲು ದಾರಿಯೇ ಇರಲಿಲ್ಲ. "ಈ ಹೊತ್ತಿನ ಆಹಾರ" ಅಂತ ಯೇಸು ಹೇಳಿದಾಗ, ಚಿಕ್ಕಂದಿನಿಂದ ಈ ಕಥೆ ಕೇಳಿದ್ದ ಅವನ ಜನರಿಗೆ ಮನ್ನ ನೆನಪಾಗದೆ ಇರಲು ಸಾಧ್ಯವಿಲ್ಲ.

ದೇವರಿಗೆ ಮೊದಲೇ ಗೊತ್ತಿದ್ದರೆ ಕೇಳೋದು ಯಾಕೆ?

ಈ ಪ್ರಶ್ನೆ ಬೈಬಲ್ಲಿನೊಳಗೇ ಇದೆ. ಪ್ರಾರ್ಥನೆ ಕಲಿಸುವ ಸ್ವಲ್ಪ ಮೊದಲು ಯೇಸುವೇ ಹೇಳುತ್ತಾನೆ: ನೀವು ಕೇಳುವ ಮೊದಲೇ ನಿಮಗೆ ಏನು ಬೇಕು ಅನ್ನೋದು ನಿಮ್ಮ ತಂದೆಗೆ ಗೊತ್ತು. ಹಾಗೆ ಹೇಳಿ, ಮರುಮಾತಿಗೇ "ಹೀಗೆ ಕೇಳಿರಿ" ಅನ್ನುತ್ತಾನೆ. ಎರಡೂ ಒಟ್ಟಿಗೆ ನಿಂತಿವೆ.

ಹಾಗಾಗಿ ದೇವರಿಗೆ ಸುದ್ದಿ ಮುಟ್ಟಿಸುವುದು ಪ್ರಾರ್ಥನೆಯ ಕೆಲಸವಲ್ಲ. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದ ಅಗಸ್ಟೀನ್ (354-430) ಇದನ್ನು ಪ್ರೋಬಾ ಎಂಬ ಶ್ರೀಮಂತ ವಿಧವೆಗೆ ಬರೆದ ಕಾಗದದಲ್ಲಿ ಬಿಡಿಸಿ ಹೇಳುತ್ತಾನೆ. ಕೇಳುತ್ತ ಕೇಳುತ್ತ ನಮ್ಮ ಬಯಕೆ ಹದವಾಗುತ್ತದೆ, ದೇವರು ಕೊಡಲು ಸಿದ್ಧವಾಗಿರುವುದನ್ನು ತೆಗೆದುಕೊಳ್ಳುವಷ್ಟು ಮನಸ್ಸು ಅಗಲವಾಗುತ್ತದೆ ಅನ್ನುವುದು ಅವನ ಮಾತಿನ ಸಾರ. ಹಣ ಇದ್ದವಳಿಗೂ ದಿನದ ಊಟ ಕೇಳುವ ಪ್ರಾರ್ಥನೆ ಬೇಕೇ ಅಂದರೆ, ಬೇಕು. ರೋಮ್ ಪಟ್ಟಣ 410ರಲ್ಲಿ ಕೊಳ್ಳೆಯಾದ ಮೇಲೆ ಆಫ್ರಿಕಾಕ್ಕೆ ಓಡಿಬಂದಿದ್ದ ಪ್ರೋಬಾಗೆ ಹಣ ಎಷ್ಟು ದಿನದ್ದು ಅನ್ನೋದು ಗೊತ್ತಿತ್ತು.

ಇನ್ನು "ಚಿಂತೆ ಮಾಡಬೇಡಿ" ಅನ್ನುವ ಪ್ರಸಿದ್ಧ ಮಾತು. ಅದೇ 6ನೇ ಅಧ್ಯಾಯದ ಕೊನೆಗೆ ಬರುತ್ತದೆ. ಆಕಾಶದ ಹಕ್ಕಿಗಳನ್ನು ನೋಡಿ, ಹೊಲದ ಹೂಗಳನ್ನು ನೋಡಿ, ಮೊದಲು ದೇವರ ರಾಜ್ಯವನ್ನೂ ನೀತಿಯನ್ನೂ ಹುಡುಕಿ, ನಾಳೆಯ ಚಿಂತೆ ನಾಳೆಗಿರಲಿ. ಸಾಲದ ಕಂತು ಮುಂದಿಟ್ಟುಕೊಂಡು ಕೂತವರಿಗೆ ಇದನ್ನು ಲಘುವಾಗಿ ಹೇಳಬಾರದು. ಯೇಸು ಕೂಡ ಲಘುವಾಗಿ ಹೇಳಲಿಲ್ಲ. ಆಯಾ ದಿನಕ್ಕೆ ಅದರದೇ ಕಷ್ಟ ಸಾಕು ಅಂತಲೂ ಅವನೇ ಹೇಳುತ್ತಾನೆ. ದಿನಕ್ಕೆ ಕಷ್ಟ ಇದೆ ಅನ್ನೋದನ್ನು ಒಪ್ಪಿಕೊಂಡೇ, ನಾಳೆಯದನ್ನೂ ಇವತ್ತೇ ಹೊರಬೇಡ ಅನ್ನುತ್ತಾನೆ.

ಹಾಗಾದರೆ ದುಡಿಯೋದು? ಕೂಡಿಡೋದು?

ದುಡಿಮೆಯ ವಿಷಯದಲ್ಲಿ ಗೊಂದಲ ಹೊಸದಲ್ಲ. ಗ್ರೀಸಿನ ಥೆಸಲೋನಿಕ ಪಟ್ಟಣದ ಸಭೆಯಲ್ಲಿ ಕೆಲವರು ಕೆಲಸ ಬಿಟ್ಟು ಸುಮ್ನೆ ತಿರುಗುತ್ತಿದ್ದರು. ಯೇಸುವಿನ ಸುವಾರ್ತೆ ಸಾರಿದ ಮೊದಲ ತಲೆಮಾರಿನ ಬೋಧಕ ಪೌಲ ಅವರಿಗೆ ಬರೆದ ಎರಡನೇ ಪತ್ರದಲ್ಲಿ ಗಡುಸಾದ ಮಾತಿದೆ: ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು. ಪೌಲ ಸ್ವತಃ ಗುಡಾರ ಹೊಲಿಯುವ ಕೆಲಸ ಮಾಡುತ್ತ ಊರೂರು ಸುತ್ತಿ ಸಾರಿದವನು. ಆದರೆ ಒಂದು ಮಾತು. ಇದನ್ನು ಕೆಲಸ ಸಿಗದವರಿಗೆ, ಮೈಯಲ್ಲಿ ಶಕ್ತಿ ಇಲ್ಲದವರಿಗೆ ಅಂಟಿಸಿ ಬೈಯುವುದು ತಪ್ಪು. ಮನಸ್ಸಿಲ್ಲದವರ ಬಗ್ಗೆ ಮಾತ್ರ ಅವನು ಹೇಳಿದ್ದು.

ಮನ್ನದ ಕಥೆಯ ಕೊನೆಯೂ ಇದನ್ನೇ ತೋರಿಸುತ್ತದೆ. ಇಸ್ರಾಯೇಲ್ಯರು 40 ವರ್ಷ ಮನ್ನ ತಿಂದರು. ಕಾನಾನ್ ನಾಡಿಗೆ ಬಂದು ಅಲ್ಲಿನ ಬೆಳೆ ತಿಂದ ಮರುದಿನವೇ ಅದು ನಿಂತುಹೋಯಿತು. ಮುಂದೆ ಉಳಬೇಕು, ಬಿತ್ತಬೇಕು, ಮಳೆ ಕಾಯಬೇಕು. ಕೊಡುವವನು ಅವನೇ, ಕೊಡುವ ದಾರಿ ಬದಲಾಯಿತು ಅಂತ ಕ್ರೈಸ್ತರು ಇದನ್ನು ಓದುತ್ತಾರೆ.

ಕೂಡಿಡೋದು ಇನ್ನೂ ಸೂಕ್ಷ್ಮ. ನಮ್ಮ ಎರೆ ಸೀಮೆಯ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಬರದ ವರ್ಷ ಅದೇ ಜೀವ ಉಳಿಸುತ್ತಿತ್ತು. ಅದು ದೇವರ ಮೇಲೆ ನಂಬಿಕೆ ಇಲ್ಲದ ಲಕ್ಷಣವೇ? ಬೈಬಲ್ ಹಾಗೆ ಹೇಳುವುದಿಲ್ಲ. ಆದಿಕಾಂಡ 41ರಲ್ಲಿ ಯೋಸೇಫ ಈಜಿಪ್ಟಿನಲ್ಲಿ ಸುಗ್ಗಿಯ 7 ವರ್ಷಗಳಲ್ಲಿ ಬೆಳೆಯ ಐದನೇ ಒಂದು ಪಾಲನ್ನು ಉಗ್ರಾಣಕ್ಕೆ ಹಾಕಿಸುತ್ತಾನೆ, ಮುಂದಿನ 7 ವರ್ಷದ ಬರದಲ್ಲಿ ನಾಡು ಉಳಿಯುತ್ತದೆ. ಅದನ್ನು ದೇವರು ಕೊಟ್ಟ ಬುದ್ಧಿ ಅಂತಲೇ ಬರೆದಿದೆ. ಇನ್ನೊಂದು ಕಡೆ, ಲೂಕ 12ರಲ್ಲಿ, ಒಬ್ಬ ಸಾಹುಕಾರ ಬೆಳೆ ಹೆಚ್ಚಾಯಿತೆಂದು ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟುವ ಯೋಜನೆ ಹಾಕುತ್ತಾನೆ, ಇನ್ನು ತಿನ್ನು, ಕುಡಿ, ಸುಖಪಡು ಅಂತ ತನಗೇ ಹೇಳಿಕೊಳ್ಳುತ್ತಾನೆ. ಅದೇ ರಾತ್ರಿ ಸಾಯುತ್ತಾನೆ. ಇಬ್ಬರೂ ಕಾಳು ಕೂಡಿಟ್ಟವರೇ. ಒಬ್ಬನ ಉಗ್ರಾಣ ಹಸಿದವರಿಗೆ ತೆರೆಯಿತು, ಇನ್ನೊಬ್ಬನ ಲೆಕ್ಕದಲ್ಲಿ ತಾನೊಬ್ಬನನ್ನು ಬಿಟ್ಟು ಯಾರೂ ಇರಲಿಲ್ಲ. ಎಲ್‌ಐಸಿ ಪಾಲಿಸಿ ಮಾಡಿಸಬಹುದಾ, ಬೆಳೆ ವಿಮೆ ಕಟ್ಟಬಹುದಾ ಅಂತ ಸಭೆಗಳಲ್ಲಿ ಕೇಳುವವರಿಗೆ ನಾನು ಈ ಎರಡು ಕಥೆಗಳನ್ನೇ ಓದಿ ನೋಡಿ ಅನ್ನುತ್ತೇನೆ.

ಕೊಡುವುದು ಯಾರ ಕೈಯಿಂದ?

ಪ್ರಾರ್ಥನೆಯಲ್ಲಿ ಇರುವುದು "ನನಗೆ" ಅಂತ ಅಲ್ಲ, "ನಮಗೆ" ಅಂತ. ಹಾಗಾಗಿ ಒಬ್ಬರೇ ಕೋಣೆಯಲ್ಲಿ ಕೂತು ಹೇಳಿದರೂ ಕೇಳುವುದು ಎಲ್ಲರಿಗಾಗಿ. ಪಕ್ಕದ ಮನೆಯವರ ಊಟವೂ ಅದರಲ್ಲಿ ಸೇರಿದೆ. ನನ್ನ ಮನೆಯಲ್ಲಿ ಇವತ್ತು ಎರಡು ಸೇರು ಜೋಳ ಹೆಚ್ಚಿಗೆ ಇದ್ದು ಪಕ್ಕದವರಲ್ಲಿ ಇಲ್ಲದಿದ್ದರೆ, ಅವರ ಪ್ರಾರ್ಥನೆಯ ಉತ್ತರ ನನ್ನ ಮನೆಯಲ್ಲೇ ಕೂತಿರಬಹುದು. ಇದು ನನ್ನ ಕಲ್ಪನೆಯಲ್ಲ. ಯಾಕೋಬನ ಪತ್ರದ 2ನೇ ಅಧ್ಯಾಯ ನೇರವಾಗಿ ಕೇಳುತ್ತದೆ: ಬಟ್ಟೆ ಇಲ್ಲದ, ಅವತ್ತಿನ ಊಟ ಇಲ್ಲದ ಸಹೋದರನಿಗೆ "ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ" ಅಂತ ಬಾಯಲ್ಲಿ ಹೇಳಿ, ಏನೂ ಕೊಡದೆ ಕಳಿಸಿದರೆ ಏನು ಪ್ರಯೋಜನ?

ಬರದ ಸೀಮೆಯವರಾದ ನಮಗೆ ಎಲೀಯನ ಕಥೆ ಬೇಗ ಅರ್ಥವಾಗುತ್ತದೆ. 1 ಅರಸುಗಳು 17ರಲ್ಲಿ ಪ್ರವಾದಿ ಎಲೀಯ ಬರಗಾಲದಲ್ಲಿ ಕೆರೀತ್ ಹಳ್ಳದ ದಂಡೆಯಲ್ಲಿ ಅಡಗಿರುತ್ತಾನೆ. ಕಾಗೆಗಳು ಊಟ ತಂದುಕೊಡುತ್ತವೆ, ಹಳ್ಳದ ನೀರು ಕುಡಿಯುತ್ತಾನೆ. ಆಮೇಲೆ ಮಳೆ ಇಲ್ಲದೆ ಆ ಹಳ್ಳವೂ ಬತ್ತುತ್ತದೆ. ದೇವರೇ ತೋರಿಸಿದ ಹಳ್ಳ, ಅದೂ ಬತ್ತಿತು! ಆಗ ದೇವರು ಅವನನ್ನು ಕಳಿಸುವುದು ಶ್ರೀಮಂತನ ಮನೆಗಲ್ಲ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ ಉಳಿದಿದ್ದ, ಅದನ್ನೇ ಕೊನೆಯ ಸಲ ಸುಟ್ಟು ಮಗನ ಜೊತೆ ತಿಂದು ಸಾಯೋಣ ಅಂದುಕೊಂಡಿದ್ದ ಒಬ್ಬ ವಿಧವೆಯ ಮನೆಗೆ, ಅದೂ ಹೊರನಾಡಿನವಳ ಮನೆಗೆ. ಅವಳು ಹಂಚಿಕೊಂಡಳು. ಮಳೆ ಬರುವ ತನಕ ಆ ಹಿಟ್ಟು, ಆ ಎಣ್ಣೆ ತೀರಲಿಲ್ಲ. ಮೂವರ ಹೊಟ್ಟೆಯೂ ಒಂದೇ ಮಡಕೆಯಿಂದ ತುಂಬಿತು.

ಮೊದಲ ಕ್ರೈಸ್ತರ ಕಾಲದಲ್ಲೂ ಹೀಗೇ ಆಯಿತು. ಬರಗಾಲ ಬರಲಿದೆ ಅನ್ನುವ ಮಾತು ಅಂತಿಯೋಕ್ಯದ ಸಭೆಗೆ ತಲುಪಿದಾಗ ಪ್ರತಿಯೊಬ್ಬರೂ ಶಕ್ತಿ ಇದ್ದಷ್ಟು ಹಣ ಕೂಡಿಸಿ ಯೆರೂಸಲೇಮಿನ ಸುತ್ತಲಿನ ಯೂದಾಯ ಸೀಮೆಯವರಿಗೆ ಕಳಿಸಿದರು. ರೋಮನ್ ಚಕ್ರವರ್ತಿ ಕ್ಲೌದ್ಯನ ಕಾಲದ ಆ ಬರದ ಸುದ್ದಿ ಅಪೊಸ್ತಲರ ಕೃತ್ಯಗಳು 11ರಲ್ಲಿದೆ.

ಹೊಸ ಕಾಲದಲ್ಲಿ ಎಲ್ಲರೂ ಹೆಸರಿಸುವುದು ಜಾರ್ಜ್ ಮುಲ್ಲರ್ (1805-1898) ಅವರನ್ನು. ಹುಟ್ಟಿದ್ದು ಪ್ರಷ್ಯಾದಲ್ಲಿ, ಅಂದರೆ ಇಂದಿನ ಜರ್ಮನಿಯಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥ ಮಕ್ಕಳ ಮನೆ ಶುರುಮಾಡಿದರು, ಮುಂದೆ ಅದು ಸಾವಿರಾರು ಮಕ್ಕಳ ಆಸರೆಯಾಯಿತು. ಅವರು ಯಾರ ಹತ್ತಿರವೂ ನೇರವಾಗಿ ಹಣ ಕೇಳದೆ ದೇವರ ಹತ್ತಿರ ಮಾತ್ರ ಕೇಳುವ ನಿಯಮ ಇಟ್ಟುಕೊಂಡರು. ಜೊತೆಗೆ ಬಂದ ಒಂದೊಂದು ಕಾಸಿಗೂ ಲೆಕ್ಕ ಬರೆದು ವರ್ಷ ವರ್ಷ ಪ್ರಕಟಿಸಿದರು. ಕೊಟ್ಟವರು ಸಾಮಾನ್ಯ ಜನರೇ. ಲೆಕ್ಕ ತೋರಿಸುವ ಈ ಭಾಗವನ್ನು ಅವರ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ನನಗೆ ಅದು ಪ್ರಾರ್ಥನೆಯಷ್ಟೇ ಮುಖ್ಯವಾಗಿ ಕಾಣುತ್ತದೆ. ನಮ್ಮ ಕಡೆಯ ಬಾಸೆಲ್ ಮಿಷನ್ನಿನವರ ದಾರಿ ಬೇರೆ. ಕ್ರೈಸ್ತರಾದ ಮೇಲೆ ಕುಲದ ಕಸುಬು, ಊರಿನ ಆಸರೆ ಕಳೆದುಕೊಂಡವರಿಗೆ ಕೆಲಸ ಬೇಕಿತ್ತು. ಅದಕ್ಕೆ ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು.

ಕಾಣಿಕೆ ಹಾಕಿದರೆ ಹತ್ತು ಪಟ್ಟು ಬರುತ್ತದಾ?

ಕೆಲವು ಕೂಟಗಳಲ್ಲಿ, ಟಿವಿ, ಯೂಟ್ಯೂಬ್ ಪ್ರವಚನಗಳಲ್ಲಿ ಹೀಗೆ ಹೇಳುವುದುಂಟು. ನಂಬಿ ಕೊಟ್ಟರೆ ದೇವರು ಹಣ, ಮನೆ, ಕಾರು ಕೊಟ್ಟೇ ಕೊಡುತ್ತಾನೆ ಅನ್ನುವ ಈ ಬೋಧನೆ 20ನೇ ಶತಮಾನದ ಅಮೆರಿಕದಲ್ಲಿ ಬೆಳೆದು ಎಲ್ಲ ಕಡೆ ಹರಡಿತು. ಬಹಳಷ್ಟು ಸಭೆಗಳು ಇದನ್ನು ಒಪ್ಪುವುದಿಲ್ಲ. ಇದಕ್ಕೆ ಆಧಾರವಾಗಿ ಹೆಚ್ಚಾಗಿ ಓದುವುದು ಮಲಾಕಿಯ 3ನೇ ಅಧ್ಯಾಯದ ದಶಮಾಂಶದ ಮಾತು. ದಶಮಾಂಶ ಅಂದರೆ ಬೆಳೆಯ, ಆದಾಯದ ಹತ್ತನೇ ಒಂದು ಪಾಲು. ಆದರೆ ಧರ್ಮೋಪದೇಶಕಾಂಡ 14ನ್ನು ಜೊತೆಗಿಟ್ಟು ಓದಿದರೆ, ಮೂರು ವರ್ಷಕ್ಕೊಮ್ಮೆ ಆ ಪಾಲು ದೇವರ ಸೇವೆಗೆ ನೇಮಕವಾದ, ಸ್ವಂತ ಹೊಲವಿಲ್ಲದ ಲೇವಿಯರ ಜೊತೆಗೆ ಪರದೇಶಿಗಳ, ತಂದೆ ಇಲ್ಲದ ಮಕ್ಕಳ, ವಿಧವೆಯರ ಹೊಟ್ಟೆಗೆ ಹೋಗಬೇಕಿತ್ತು. ಕರ್ತನ ಪ್ರಾರ್ಥನೆ ಕೇಳುವುದೂ ಊಟವನ್ನೇ. ಜ್ಞಾನೋಕ್ತಿ 30ರಲ್ಲಿ ಒಬ್ಬ ಭಕ್ತ ಬಡತನವನ್ನೂ ಕೊಡಬೇಡ, ಐಶ್ವರ್ಯವನ್ನೂ ಕೊಡಬೇಡ, ನನ್ನ ಪಾಲಿನ ಆಹಾರ ಕೊಡು ಅನ್ನುತ್ತಾನೆ. ಹೊಟ್ಟೆ ತುಂಬಿದರೆ ದೇವರನ್ನು ಮರೆತೇನು, ಬಡವನಾದರೆ ಕದ್ದೇನು ಅನ್ನುವ ಭಯ ಅವನದು. ಸಾಲ ಮಾಡಿ ಕಾಣಿಕೆ ಹಾಕಿ ಅಂತ ಯಾರಾದರೂ ಒತ್ತಾಯಿಸಿದರೆ, ದಯವಿಟ್ಟು ಹಾಗೆ ಮಾಡಬೇಡಿ.

ಬೋರ್ಡಿನ ಮೇಲಿನ "ಯೆಹೋವ ಯೀರೆ" ಅಂದರೆ ದೇವರು ಒದಗಿಸುವನು ಅಂತ. ಆದಿಕಾಂಡ 22ರಲ್ಲಿ ಅಬ್ರಹಾಮ ಮಗನನ್ನು ಬಲಿ ಕೊಡಲು ಹೋದಾಗ ದೇವರು ತಡೆದು, ಪೊದೆಯಲ್ಲಿ ಕೊಂಬು ಸಿಕ್ಕಿಬಿದ್ದಿದ್ದ ಟಗರನ್ನು ತೋರಿಸಿದ ಜಾಗಕ್ಕೆ ಇಟ್ಟ ಹೆಸರು ಅದು.

ಕೇಳಿದರೂ ಸಿಗದಿದ್ದಾಗ

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಪ್ರಾರ್ಥನೆ ಮಾಡುವವರೂ ಹಸಿದಿದ್ದಾರೆ, ಹೊಲ ಕಳೆದುಕೊಂಡಿದ್ದಾರೆ. ಬೈಬಲ್ ಇದನ್ನು ಮುಚ್ಚಿಡುವುದಿಲ್ಲ. ದೇವರು ನಿಮ್ಮ ಕೊರತೆಯನ್ನೆಲ್ಲ ನೀಗಿಸುವನು ಅಂತ ಫಿಲಿಪ್ಪಿಯವರಿಗೆ ಬರೆದ ಪೌಲನೇ, ತಾನು ಹಸಿವೆ, ಬಾಯಾರಿಕೆ, ಚಳಿ, ಬಟ್ಟೆ ಇಲ್ಲದ ಸ್ಥಿತಿ ಎಲ್ಲವನ್ನೂ ಅನುಭವಿಸಿದೆ ಅಂತ ಕೊರಿಂಥದವರಿಗೆ ಬರೆಯುತ್ತಾನೆ. ಫಿಲಿಪ್ಪಿಯವರಿಗೆ ಬರೆದಿದ್ದು ಸೆರೆಮನೆಯಿಂದ, ಅದೂ ಅವರು ಕಳಿಸಿದ ಸಹಾಯ ಕೈ ಸೇರಿದ ಮೇಲೆ.

ಪ್ರವಾದಿ ಹಬಕ್ಕೂಕನ ಮಾತನ್ನು ಒಬ್ಬ ರೈತ ಓದಿದರೆ ಎದೆ ನಡುಗುತ್ತದೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ಬರ ನಿಂತಿತು, ಬೆಳೆ ಬಂತು ಅಂತ ಆ ಪುಸ್ತಕದಲ್ಲಿ ಮುಂದೆ ಬರೆದಿಲ್ಲ. ಹೀಗಾಗಿ ಸಿಗದೆ ಹೋದವರಿಗೆ "ನಿಮ್ಮ ನಂಬಿಕೆ ಕಡಿಮೆ" ಅನ್ನುವ ಹಕ್ಕು ಯಾರಿಗೂ ಇಲ್ಲ. ಹಾಗೆ ಹೇಳಿ ನೋವಿನ ಮೇಲೆ ನೋವು ಕೊಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮನೆಯಲ್ಲಿ, ಸಭೆಯಲ್ಲಿ ಇದು ಹೇಗೆ ನಡೆಯುತ್ತದೆ

ಊಟದ ಮುಂಚೆ ತಲೆ ಬಾಗಿಸಿ ಎರಡು ಮಾತು: "ಕರ್ತನೇ, ಈ ಊಟಕ್ಕಾಗಿ ಸ್ತೋತ್ರ. ಇಲ್ಲದವರಿಗೂ ಕೊಡು. ಆಮೆನ್." ಸ್ತೋತ್ರ ಅಂದರೆ ಇಲ್ಲಿ ಕೃತಜ್ಞತೆ. ವಾರದ ಮನೆ ಪ್ರಾರ್ಥನೆಯಲ್ಲಿ ಯಾರಿಗೆ ಏನು ಬೇಕು ಅಂತ ಹೇಳಿಕೊಳ್ಳುತ್ತಾರೆ: ಮಗನಿಗೆ ಕೆಲಸ, ಆಸ್ಪತ್ರೆಯ ಬಿಲ್ಲು, ಬೋರಿಗೆ ನೀರು. ಸಿಕ್ಕಿದವರು ಮುಂದಿನ ಸಲ ಎದ್ದು ನಿಂತು ಹೇಳುತ್ತಾರೆ, ಅದಕ್ಕೆ ಸಾಕ್ಷಿ ಅನ್ನುತ್ತಾರೆ. ಬೇಡಿಕೆ ಕೇಳಿಸಿಕೊಂಡವರಲ್ಲಿ ಒಬ್ಬರು ಕೂಟ ಮುಗಿದ ಮೇಲೆ ಸದ್ದಿಲ್ಲದೆ ಅಕ್ಕಿಯ ಚೀಲ ಮುಟ್ಟಿಸುವುದೂ ಉಂಟು.

ಸಿಎಸ್‌ಐ ಸಭೆಗಳಲ್ಲಿ ಸುಗ್ಗಿ ಹಬ್ಬ ಮಾಡುತ್ತಾರೆ. ಧರ್ಮೋಪದೇಶಕಾಂಡ 26ರಲ್ಲಿ ಹೇಳಿದಂತೆ ಬೆಳೆಯ ಮೊದಲ ಪಾಲನ್ನು ದೇವರ ಮುಂದೆ ತರುವ ಪದ್ಧತಿ ಇದು. ಜೋಳ, ಶೇಂಗಾ, ಗೋವಿನಜೋಳ, ಒಣಮೆಣಸಿನಕಾಯಿ, ಕುಂಬಳಕಾಯಿ, ಕೋಳಿ, ಮೊಟ್ಟೆ, ಹೊಲ ಇಲ್ಲದವರು ಮನೆಯಲ್ಲಿ ಮಾಡಿದ ತಿಂಡಿ, ಹೀಗೆ ಏನಾದರೂ ಆಗಬಹುದು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಒಂದು ಕುಂಬಳಕಾಯಿಗೆ ಪೇಟೆಯ ದರಕ್ಕಿಂತ ಎಷ್ಟೋ ಜಾಸ್ತಿ ಕೂಗುತ್ತಾರೆ, ಕೊಂಡವರು ಅದನ್ನೇ ಮತ್ತೆ ಹರಾಜಿಗೆ ಕೊಡುವುದೂ ಇದೆ. ಬಂದ ಹಣ ಸಭೆಯ ಕೆಲಸಕ್ಕೆ, ಕಷ್ಟದಲ್ಲಿದ್ದವರ ಸಹಾಯಕ್ಕೆ ಹೋಗುತ್ತದೆ. ನಿಮ್ಮ ಓಣಿಯ ಚರ್ಚಿನಲ್ಲಿ ಹಬ್ಬ ಯಾವ ಭಾನುವಾರ ಅಂತ ಪಕ್ಕದ ಮನೆಯವರನ್ನೇ ಕೇಳಿ, ಸಂತೋಷದಿಂದ ಕರೆಯುತ್ತಾರೆ.